ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ ಲೋಡಲ್ಲಿ ಎಳೀತಿಲ್ಲ, ಕ್ಯಾಟ್ ಜಾಮ್ ಅಂತಾರೆ, ನಿಜಾನಾ?

ಶುಂಠಿ_ಗಾಡಿ
ಎಲ್ರಿಗೂ ನಮಸ್ಕಾರ. ಈಚೆಗೆ ಹಾಸನದ ಕಡೆ ಒಬ್ರಿಂದ ಪಿಕಪ್ ತಗೊಂಡೆ. 2018ರ ಗಾಡಿ, ಬಿಎಸ್4 (ಹೊಗೆ ಮಿತಿಯ ಸರ್ಕಾರಿ ದರ್ಜೆ), ಟರ್ಬೋ ಡೀಸೆಲ್, ಒಂದೂವರೆ ಟನ್ ಪಾಸಿಂಗ್. ಮೀಟರಲ್ಲಿ 1,18,000 ಇದೆ, ನಿಜಾನೋ ತಿರುಗ್ಸಿದಾರೋ ದೇವ್ರಿಗೇ ಗೊತ್ತು. ಕಂಪನಿ ಹೆಸರು ಬರೆಯಲ್ಲ, ಬರೆದ್ರೆ ನೀವೆಲ್ಲ ಆ ಕಂಪನಿ ಒಳ್ಳೇದು ಈ ಕಂಪನಿ ಒಳ್ಳೇದು ಅಂತ ಕಿತ್ತಾಡ್ಕೊಂಡು ನನ್ ಪ್ರಶ್ನೆ ಮೂಲೆಗೆ ಹೋಗುತ್ತೆ.

ಖಾಲಿ ಗಾಡಿ ಊರೊಳಗೆ ಓಡಿಸೋವಾಗ ಏನೂ ಗೊತ್ತಾಗಲ್ಲ. ಲೋಡ್ ಹಾಕಿದ್ರೆ ಮುಗೀತು. ಮೊನ್ನೆ ಶುಂಠಿ ತಗೊಂಡು ಮಂಗ್ಳೂರಿಗೆ ಹೋದೆ, ಇಳಿಯೋದೇನೋ ಇಳೀತು, ವಾಪಸ್ ಬರ್ತಾ ಹಿಂಡಿ ಮೂಟೆ ಹಾಕ್ಕೊಂಡು ಚಾರ್ಮಾಡಿ ಹತ್ತುವಾಗ ಸೆಕೆಂಡ್ ಗೇರ್ ಬಿಟ್ಟು ಮೇಲಕ್ಕೆ ಹೋಗ್ಲೇ ಇಲ್ಲ ಮಾರಾಯ್ರೆ. ಆಕ್ಸಿಲೇಟರ್ ನೆಲಕ್ಕೆ ಒತ್ತಿದ್ರೂ 2200 ದಾಟಲ್ಲ, ಹಿಂದೆ ಕರಿ ಹೊಗೆ. ಬೈಕಿನವ್ರೆಲ್ಲ ಮೂಗು ಮುಚ್ಕೊಂಡು ಓವರ್‌ಟೇಕ್ ಮಾಡಿದ್ರು. ಚಪ್ಪಟೆ ರೋಡಲ್ಲೂ ಲೋಡ್ ಇದ್ರೆ 60 ಮೇಲೆ ಹೋಗೋಕೆ ಒದ್ದಾಡುತ್ತೆ. ಇಂಜಿನ್ ಚೆಕ್ ಲೈಟ್ ಏನೂ ಬಂದಿಲ್ಲ.

ಒಬ್ಬ ಮೆಕ್ಯಾನಿಕ್ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಲೈನಲ್ಲಿ ಹೊಗೆ ಶುದ್ಧ ಮಾಡೋ ಡಬ್ಬ, ಅದೇ ಕ್ಯಾಟ್) ಜಾಮ್ ಆಗಿದೆ, ಕಟ್ ಮಾಡಿ ಬರೀ ಪೈಪ್ ಹಾಕ್ಕೊಡ್ತೀನಿ 4000 ಕೊಡಿ ಅಂತಾನೆ. ಇನ್ನೊಬ್ಬ ಟರ್ಬೋ ಹೋಗಿದೆ, 38,000 ಆಗುತ್ತೆ ಅಂತಾನೆ. ಯಾರನ್ನ ನಂಬೋದು?

ರಾಜಾಜಿನಗರ_ರೇಸರ್
ಕಟ್ ಮಾಡ್ಸಿ ಬಿಸಾಕು ಗುರು. ನಮ್ ಚಿಕ್ಕಪ್ಪನ ಗಾಡೀಲಿ ಅದೇ ಮಾಡಿದ್ವಿ, ಈಗ ರಾಕೆಟ್

ಡೀಸೆಲ್_ಮಾವ
ಸ್ವಲ್ಪ ತಡಿರಿ. ಇಬ್ರೂ ಏನ್ ಅಳೆದು ನೋಡಿ ಹೇಳಿದ್ರು? ಗೇಜ್ ಹಾಕಿದ್ರಾ, ಸ್ಕ್ಯಾನರ್ ಹಾಕಿದ್ರಾ, ಇಲ್ಲ ಬಾನೆಟ್ ಎತ್ತಿ ಮೂಸಿ ನೋಡಿ ಹೇಳಿದ್ದಾ? ಅಳತೆ ಇಲ್ದೆ ಹೇಳಿದ ಯಾವ ಮಾತಿಗೂ ದುಡ್ಡು ಬಿಚ್ಚಬೇಡಿ.

ಮೊದ್ಲು ಇಷ್ಟು ಹೇಳಿ. ಕೀ ಆನ್ ಮಾಡಿದ ತಕ್ಷಣ ಚೆಕ್ ಲೈಟ್ ಒಂದ್ಸಲ ಹತ್ಕೊಂಡು ಸ್ಟಾರ್ಟ್ ಆದ್ಮೇಲೆ ಆರುತ್ತಾ? ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಪೂರ್ತಿ ರೇಸ್ ಕೊಟ್ರೆ ಎಷ್ಟಕ್ಕೆ ಹೋಗುತ್ತೆ? ಘಾಟೀಲಿ ಆರ್‌ಪಿಎಂ ಏರ್ತಾ ಇದ್ದು ಗಾಡಿ ಮಾತ್ರ ಏರಲ್ವೋ, ಇಲ್ಲ ಆರ್‌ಪಿಎಂಮೇ ಏರಲ್ವೋ? ಮೊದಲ್ನೇದಾದ್ರೆ ಕ್ಲಚ್ ಪ್ಲೇಟು, ಕ್ಯಾಟ್ ಕತೆ ಅಲ್ಲೇ ಮುಗೀತು. ಇಳಿದ್ಮೇಲೆ ನಾಲ್ಕೂ ಚಕ್ರದ ಡಿಸ್ಕು, ಡ್ರಮ್ಮು ಹತ್ರ ಕೈ ಹಿಡಿದು ನೋಡಿದ್ರಾ, ಮುಟ್ಟಬೇಡಿ, ಹತ್ರ ಹಿಡೀರಿ ಸಾಕು. ಒಂದೇ ಚಕ್ರ ಕೆಂಡದ ಥರ ಕಾದಿದ್ರೆ ಬ್ರೇಕ್ ಹಿಡ್ಕೊಂಡಿದೆ ಅಂತ.

ಹುಬ್ಬಳ್ಳಿ_ಚಕ್ಕಡಿ
ನಮಸ್ಕಾರ್ರಿ. ಮಾವ ಹೇಳಿದ್ದು ಖರೇ ಅದ, ಆದ್ರ ಅದಕ್ಕೂ ಮೊದ್ಲ ಡೀಸೆಲ್ ಫಿಲ್ಟರ್ ಬದ್ಲಿ ಮಾಡ್ರಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವ್ರು ಫಿಲ್ಟರ್ ಯಾವಾಗ ಹಾಕ್ಯಾರ ಅಂತ ಕೇಳೂದ ಇಲ್ಲ. ನಮ್ ತಮ್ಮನ ಗಾಡಿ ಅರಬೈಲ್ ಘಾಟಿನ್ಯಾಗ ಹಿಂಗ ನಿಂತು ನಿಂತು ಹತ್ತತಿತ್ತು, ಎಲ್ಲಾರೂ ಪಂಪ್ ಹೋಗೇತಿ ಪಂಪ್ ಹೋಗೇತಿ ಅಂದ್ರು, ಫಿಲ್ಟರ್ ಬಿಚ್ಚಿದ್ರ ಅದ್ರಾಗ ನೀರು, ಕೆಳಗ ಅಂಟಂಟ ಕರಿ ರಾಡಿ. ಟ್ಯಾಂಕ್ ಒಳಗಿನ ಜಾಳಗಿನೂ ಅರ್ಧ ಕಟ್ಟಿತ್ತು. ಟ್ಯಾಂಕ್ ತೊಳಸಿ ಫಿಲ್ಟರ್ ಹಾಕಿದ ಮ್ಯಾಲ ಹುಲಿ ಹಂಗ ಎಳಿಯಾಕತ್ತು. ಖರ್ಚು ಎಷ್ಟರ? ಒಂದ ದಿನದ ಡೀಸೆಲ್ ರೊಕ್ಕ.

ಕುಡ್ಲ_ಕ್ಲಚ್
ಡೀಸೆಲ್ ಕಮ್ಮಿ ಬಂದ್ರೆ ಕರಿ ಹೊಗೆ ಯಾಕೆ ಬರ್ತದೆ ಮಾರಾಯ್ರೆ? ಅವ್ರು ಕರಿ ಹೊಗೆ ಅಂತ ಬರ್ದಿದ್ದಾರಲ್ಲ. ಕರಿ ಹೊಗೆ ಅಂದ್ರೆ ಡೀಸೆಲ್ ಬರ್ತಾ ಉಂಟು, ಗಾಳಿ ಸಾಲ್ತಾ ಇಲ್ಲ. ಏರ್ ಫಿಲ್ಟರ್, ಟರ್ಬೋದಿಂದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್, ಇಜಿಆರ್ ವಾಲ್ವ್ (ಹೊಗೆಯಲ್ಲಿ ಸ್ವಲ್ಪ ಪುನಃ ಇಂಜಿನ್ನಿಗೆ ಬಿಡುವ ವಾಲ್ವ್) ತೆರೆದೇ ಕೂತದ್ದು, ಇಲ್ಲಾ ಹಿಂದೆ ಸೈಲೆನ್ಸರ್ ಲೈನ್ ಬ್ಲಾಕ್. ಇಷ್ಟರಲ್ಲಿ ಒಂದು.

ಹುಬ್ಬಳ್ಳಿ_ಚಕ್ಕಡಿ
ಹೌದ್ರಿ ಅದೂ ಒಂದ ಮಾತ. ನಮ್ದು ಹೊಗಿ ಬರತಿರ್ಲಿಲ್ಲ. ಆದ್ರೂ ಫಿಲ್ಟರ್ ಹಾಕ್ಸೂದ್ರಾಗ ತಪ್ಪೇನ

ಶುಂಠಿ_ಗಾಡಿ
ಡೀಸೆಲ್ ಮಾವ, ಈಗ ಹೋಗಿ ನೋಡ್ಕೊಂಡು ಬಂದೆ. ಕೀ ಆನ್ ಮಾಡಿದ್ರೆ ಬ್ಯಾಟರಿ ಲೈಟ್, ಆಯಿಲ್ ಲೈಟ್, ಹೀಟರ್ ಕಾಯಿಲ್ ಲೈಟ್ ಎಲ್ಲ ಬರುತ್ತೆ. ಇಂಜಿನ್ ಚಿತ್ರ ಇರೋ ಲೈಟ್ ಬರೋದೇ ಇಲ್ಲ! ಇಷ್ಟು ದಿನ ಬರದೇ ಇರೋದು ಒಳ್ಳೇದು ಅಂದ್ಕೊಂಡಿದ್ದೆ.

ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ರೆ 3000ದ ಹತ್ರ ಹೋಗಿ ಗೊರಗೊರ ಅಂತ ಅಲ್ಲೇ ನಿಲ್ಲುತ್ತೆ. ಘಾಟೀಲಿ ಆರ್‌ಪಿಎಂಮೇ ಏರಲ್ಲ, ಕ್ಲಚ್ ಜಾರ್ತಿಲ್ಲ. ಚಕ್ರ ಯಾವ್ದೂ ಬಿಸಿ ಇಲ್ಲ.

ಮಂಡ್ಯ_ಮಿಲ್ಟ್ರಿ
ಹಳೇ ಪಾರ್ಟಿ ಬಲ್ಬ್ ಕಿತ್ತಾವ್ನೆ ಕಣಣ್ಣ 😂 ಗಾಡಿ ನೋಡಕ್ ಬಂದವ್ರು ಲೈಟ್ ಬಂದ್ರೆ ರೇಟು ಇಳಿಸ್ತಾರೆ ಅಂತ. ಒಳಗಡೆ ಒಂದೆರಡು ತೊಂದ್ರೆ ತೋರ್ಸೋ ಕೋಡ್ ಕೂತೈತೆ, ಬರೆದಿಟ್ಕೊ

ಡೀಸೆಲ್_ಮಾವ
ಅದೇ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತೆ, ಸ್ಕ್ಯಾನರ್ ಇರೋ ಯಾರ ಹತ್ರನಾದ್ರೂ ಹಾಕ್ಸಿ. ಮಲ್ಟಿಬ್ರಾಂಡ್ ಗ್ಯಾರೇಜ್ ಸಾಕು. ಬಂದ ಕೋಡ್ ಅಳಿಸೋಕೆ ಬಿಡಬೇಡಿ, ಮೊದ್ಲು ಫೋಟೋ ತೆಗೀರಿ. ಅಳಿಸಿಬಿಟ್ಟು ಸರಿ ಆಯ್ತು ಸಾರ್ ಅನ್ನೋ ಪ್ರಭೃತಿಗಳಿದಾರೆ.

ಸ್ಯಾನ್‌ಹೋಸೆ_ಸೀನ
ಕ್ಯಾಲಿಫೋರ್ನಿಯಾದಿಂದ ಬರೀತಿದೀನಿ, ಮೂಲ ತಿಪಟೂರು. ನನ್ ಹತ್ರನೂ ಒಂದು ಹಳೇ ಪಿಕಪ್ ಟ್ರಕ್ ಇದೆ, ಇಲ್ಲಿಂದು, ವಿ8 ಪೆಟ್ರೋಲ್, ಎರಡು ಸಾಲಿಗೆ ಎರಡು ಕ್ಯಾಟ್. ನಂದೂ ಹೀಗೇ ಫ್ರೀವೇ ಹತ್ತುವಾಗ ಸುಸ್ತು. ನಾನು ಮಾಡಿದ್ದು ಇಷ್ಟೇ, ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿದೆ. ಐಡಲ್‌ನಲ್ಲಿ 17ರಿಂದ 21 ಇಂಚು ಗಟ್ಟಿಯಾಗಿ ನಿಲ್ಲಬೇಕು. 2500ಕ್ಕೆ ರೇಸ್ ಕೊಟ್ಟು ಅಲ್ಲೇ ಹಿಡ್ಕೊಂಡ್ರೆ ಮುಳ್ಳು ನಿಧಾನಕ್ಕೆ ಕೆಳಗೆ ಇಳೀತಾ ಹೋದ್ರೆ ಹಿಂದೆ ಹೊಗೆ ದಾರಿ ಕಟ್ಟಿದೆ ಅಂತ. ನಂದ್ರಲ್ಲಿ ಇಳೀತು. ಕಮ್ಮಿ ಖರ್ಚಿನ ಟೆಸ್ಟು, ಮಾಡಿ ನೋಡಿ.

ಕುಡ್ಲ_ಕ್ಲಚ್
ಸೀನಣ್ಣ, ಅವರದ್ದು ಡೀಸೆಲ್. ಪೆಟ್ರೋಲ್ ಇಂಜಿನ್‌ಗೆ ಥ್ರಾಟಲ್ ಮುಚ್ಚುವುದರಿಂದ ವ್ಯಾಕ್ಯೂಮ್ ಬರುವುದು. ಡೀಸೆಲ್‌ನಲ್ಲಿ ಆ ಥರ ಗಾಳಿ ಕಟ್ಟುವುದೇ ಇಲ್ಲ, ಮ್ಯಾನಿಫೋಲ್ಡ್‌ಗೆ ಗೇಜ್ ಹಾಕಿದ್ರೆ ಮುಳ್ಳು ಸುಮ್ಮನೆ ಕೂತಿರ್ತದೆ. ಬ್ರೇಕಿಗೆ ಅಂತ ಬೇರೆ ವ್ಯಾಕ್ಯೂಮ್ ಪಂಪೇ ಇಟ್ಟಿರ್ತಾರೆ ನೋಡಿ.

ಸ್ಯಾನ್‌ಹೋಸೆ_ಸೀನ
ಓ ಹೌದಲ್ವಾ, ಡೀಸೆಲ್ ಅನ್ನೋದು ಕಣ್ಣಿಗೇ ಬಿದ್ದಿರ್ಲಿಲ್ಲ. ಇಲ್ಲಿ ಕ್ಯಾಟ್ ಅಂದ್ರೆ ದೊಡ್ಡ ಗೋಳು ಬಿಡಿ, ರಾತ್ರಿ ಪಾರ್ಕ್ ಮಾಡಿದ್ರೆ ಬೆಳಿಗ್ಗೆ ಗಾಡಿ ಕೆಳಗಿಂದ ಕೊಯ್ಕೊಂಡು ಹೋಗಿರ್ತಾರೆ, ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತಲ್ಲ ಅದಕ್ಕೆ. ಫೆಡರಲ್ ರೂಲ್ ಪ್ರಕಾರ ಕ್ಯಾಟ್‌ಗೆ 8 ವರ್ಷ ಇಲ್ಲ 80,000 ಮೈಲಿ ವಾರಂಟಿ ಇದೆ, ನನ್ ಗಾಡಿಗೆ ಅದು ಯಾವತ್ತೋ ಮುಗಿದಿದೆ. ಕ್ಯಾಲಿಫೋರ್ನಿಯಾದಲ್ಲಂತೂ ಅಗ್ಗದ್ದು ಸಿಕ್ತು ಅಂತ ಯಾವ್ದೋ ಹಾಕೋ ಹಾಗಿಲ್ಲ, ರಾಜ್ಯದ ಒಪ್ಪಿಗೆ ನಂಬರ್ ಇರೋದೇ ಆಗ್ಬೇಕು.

ರಾಜಾಜಿನಗರ_ರೇಸರ್
ನಮ್ಮಲ್ಲೂ ಗುಜರಿಯವ್ರು ಹಳೇ ಕ್ಯಾಟ್‌ಗೆ ಒಳ್ಳೇ ದುಡ್ಡು ಕೊಡ್ತಾರೆ ಗುರು. ಕಟ್ ಮಾಡ್ಸಿದ್ರೆ ಆ ಕಬ್ಬಿಣ ನೀನೇ ಇಸ್ಕೋ, ಮೆಕ್ಯಾನಿಕ್‌ಗೆ ಬಿಡಬೇಡ

ಮಂಡ್ಯ_ಮಿಲ್ಟ್ರಿ
ಆಹಾ, 4000ಕ್ಕೆ ಕಟ್ ಮಾಡ್ತೀನಿ ಅನ್ನೋ ಮೆಕ್ಯಾನಿಕ್‌ಗೆ ಗಾಡಿ ಮೇಲಿನ ಪ್ರೀತಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು

ವಕೀಲ್_ಸಾಬ್_ಧಾರವಾಡ
ಕಟ್ ಮಾಡ್ಸಿ ಅಂತ ಹೇಳೋರು ಒಂದ್ ಮಾತು ಕೇಳ್ರಿ. ಹೊಗಿ ಮಿತಿ ಮೀರಿದ್ರ ಮೋಟಾರು ವಾಹನ ಕಾಯ್ದೆ 190(2), 2019ರ ತಿದ್ದುಪಡಿ ಆದಮ್ಯಾಲ ಮೊದಲನೇ ಸಲಕ್ಕನ 10,000 ರೂಪಾಯಿ ತನಕ ದಂಡ, ಇಲ್ಲ ಮೂರು ತಿಂಗಳ ತನಕ ಜೈಲು, ಇಲ್ಲ ಎರಡೂ, ಮ್ಯಾಲ ಮೂರು ತಿಂಗಳು ಲೈಸೆನ್ಸ್ ಇಲ್ಲ. ಕಂಪನಿ ಹಾಕಿ ಕೊಟ್ಟದ್ದನ್ನ ಬದ್ಲಿ ಮಾಡಿದ್ರ 52ನೇ ಸೆಕ್ಷನ್ ಬ್ಯಾರೆ ಅದ.

ರಾಜಾಜಿನಗರ_ರೇಸರ್
ಸಾರ್ ಯಾರ್ ಗಾಡಿ ಕೆಳಗೆ ಬಗ್ಗಿ ನೋಡ್ತಾರೆ ಹೇಳಿ

ಡೀಸೆಲ್_ಮಾವ
ಬಗ್ಗಿ ನೋಡೋದು ಬೇಡಪ್ಪ, ಗೂಡ್ಸ್ ಗಾಡಿ ಅದು, ಫಿಟ್ನೆಸ್ ಸರ್ಟಿಫಿಕೇಟ್, ಅಂದ್ರೆ ಎಫ್‌ಸಿಗೆ ಹೋಗ್ಲೇಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಂದು, ಆಮೇಲೆ ವರ್ಷಾ ವರ್ಷಾ. ಇವರ 2018ರ ಗಾಡಿ ಆ ಲೆಕ್ಕಕ್ಕೆ ಬಂದೇ ಬಿಡ್ತು. ಎಮಿಷನ್ ಟೆಸ್ಟಲ್ಲಿ ಬಿಎಸ್4 ಡೀಸೆಲ್‌ಗೆ ಹೊಗೆ ಅಳತೆ 1.62 ಒಳಗೆ ಇರ್ಬೇಕು, ಹಳೇ ಗಾಡಿಗಳಿಗೆ 2.45 ಇತ್ತು. ಪೂರ್ತಿ ರೇಸ್ ಕೊಡದೇ ಸರ್ಟಿಫಿಕೇಟ್ ಹರಿದು ಕೊಡೋರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ನಾನ್ ಹೇಳ್ತಿರೋದು ಕಾನೂನಿನ ಮಾತು ಮಾತ್ರ ಅಲ್ಲ.

ಕ್ಯಾಟ್ ತಾನಾಗೇ ಕಟ್ಟಲ್ಲ. ಒಳಗೆ ಇರೋದು ಸೆರಾಮಿಕ್ ಜೇನುಗೂಡು, ಒಂದು ಚದರ ಇಂಚಿಗೆ ಸುಮಾರು 400 ತೂತು. ಬಿಎಸ್4 ಡೀಸೆಲ್‌ದು ಆ ಕಡೆಯಿಂದ ಈ ಕಡೆ ನೇರ ತೆರೆದಿರೋ ತೂತು, ಹೊಗೆ ಹಾದು ಹೋಗುತ್ತೆ, ಹೋಗೋವಾಗ ಕಾರ್ಬನ್ ಮಾನಾಕ್ಸೈಡು, ಸುಡದ ಡೀಸೆಲ್ ಆವಿ ಅಲ್ಲೇ ಉರಿದುಹೋಗುತ್ತೆ. ಅದು ಕಟ್ಕೊಂಡಿದೆ ಅಂದ್ರೆ ಮೇಲಿಂದ ಏನೋ ಬರಬಾರದ್ದು ಬರ್ತಿದೆ. ಸೋರೋ ಇಂಜೆಕ್ಟರು, ಟರ್ಬೋ ಸೀಲ್ ಹೋಗಿ ಇಂಜಿನ್ ಆಯಿಲ್ ಬರೋದು, ಹೋಸ್ ಒಡೆದು ಗಾಳಿ ಸಾಲದೆ ಮಸಿ. ಕ್ಯಾಟ್ ಕಿತ್ತು ಪೈಪ್ ಹಾಕಿದ್ರೆ ಮೇಲಿನ ರೋಗ ಹಾಗೇ ಇರುತ್ತೆ. ನಿಮ್ ಚಿಕ್ಕಪ್ಪನ ರಾಕೆಟ್ ಈಗ ಲೀಟರಿಗೆ ಎಷ್ಟು ಕೊಡ್ತಿದೆ ಕೇಳಿ ನೋಡಪ್ಪ.

ರಾಜಾಜಿನಗರ_ರೇಸರ್
ಅದು ಕೇಳಿಲ್ಲ 😐

ವೈಟ್‌ಫೀಲ್ಡ್_ವೆಂಕಿ
ಮಧ್ಯ ಬರ್ತಿದೀನಿ ಸಾರಿ. ನನ್ ಪೆಟ್ರೋಲ್ ಕಾರಲ್ಲಿ ಪಿ0420 ಅನ್ನೋ ಕೋಡ್ ಬರ್ತಿದೆ, ಹಾಗಾದ್ರೆ ಕ್ಯಾಟ್ ಜಾಮ್ ಆಗಿದ್ಯಾ? ಎಳೆತ ಏನೂ ಕಮ್ಮಿ ಆಗಿಲ್ಲ.

ಕುಡ್ಲ_ಕ್ಲಚ್
ಇಲ್ಲ. ಪಿ0420 ಅಂದ್ರೆ ಕ್ಯಾಟ್ ಕೆಲಸ ಸರಿಯಾಗಿ ಮಾಡ್ತಾ ಇಲ್ಲ ಅಂತ, ಕಟ್ಟಿಕೊಂಡಿದೆ ಅಂತ ಅಲ್ಲ. ಹಿಂದಿನ ಆಕ್ಸಿಜನ್ ಸೆನ್ಸರ್ ಮುಂದಿನದ್ದರ ಹಾಗೆಯೇ ಮೇಲೆ ಕೆಳಗೆ ಕುಣಿಯಲಿಕ್ಕೆ ಶುರು ಮಾಡಿದ್ರೆ ಆ ಕೋಡ್. ಎಳೆತ ಚೆನ್ನಾಗಿ ಉಂಟಲ್ಲ, ಮೊದಲು ಸೈಲೆನ್ಸರ್ ಜಾಯಿಂಟ್ ಎಲ್ಲಾದ್ರೂ ಲೀಕ್ ಉಂಟಾ ನೋಡಿ, ಆಮೇಲೆ ಸೆನ್ಸರ್, ಕೊನೆಗೆ ಕ್ಯಾಟ್. ಬೇರೆ ಥ್ರೆಡ್ ಹಾಕಿ ಪ್ಲೀಸ್, ಇಲ್ಲಿ ಶುಂಠಿಯವರ ಗಾಡಿ ಘಾಟಿಯಲ್ಲೇ ನಿಂತಿದೆ.

ಬಿಎಸ್6_ಬೇಜಾರು
ನಿಮ್ದಾದ್ರೂ ಬಿಎಸ್4, ಪುಣ್ಯ ಮಾಡಿದೀರ. ನಂದು 2021ರ ಗಾಡಿ, ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದೆ. ಊರೊಳಗೇ ಅಂಗಡಿ ಅಂಗಡಿಗೆ ಮಾಲು ಹಾಕೋದು, ಗಾಡಿ ಬಿಸಿ ಆಗೋ ಮೊದ್ಲೇ ಆಫ್. ಮಸಿ ತುಂಬಿ ಲೈಟು, ಲೈಟು ಬಂದ್ಮೇಲೆ ಪವರ್ ಕಟ್. ಅದರಲ್ಲಿ ತೂತು ಒಂದು ಬಿಟ್ಟು ಒಂದು ಮುಚ್ಚಿರುತ್ತಂತೆ, ಹೊಗೆ ಗೋಡೆ ದಾಟಿ ಹೋಗ್ಬೇಕಂತೆ, 600 ಡಿಗ್ರಿ ಹತ್ರ ಕಾದ್ರೆ ಮಾತ್ರ ಮಸಿ ಸುಟ್ಟುಹೋಗೋದಂತೆ. ಊರೊಳಗೆ 600 ಡಿಗ್ರಿ ಎಲ್ಲಿಂದ ತರ್ಲಿ.

ಡೀಸೆಲ್_ಮಾವ
ವಾರಕ್ಕೊಂದ್ಸಲ ಹೈವೇಗೆ ತಗೊಂಡು ಹೋಗಿ, ಗೇರ್ ಸ್ವಲ್ಪ ಕೆಳಗೇ ಇಟ್ಟು ಆರ್‌ಪಿಎಂ ಬಿಡದೆ ಒಂದು ಅರ್ಧ ಗಂಟೆ ಓಡ್ಸಿ. ಮಸಿ ಸುಡೋ ರೀಜನರೇಷನ್ ನಡೀತಿರುವಾಗ ಆಫ್ ಮಾಡಬೇಡಿ. ಆಯಿಲ್ ಕೂಡ ಬೂದಿ ಕಮ್ಮಿ ಇರೋದು, ಸಿಕೆ-4 ದರ್ಜೆದು ಹಾಕ್ಸಿ, ಹಳೇ ಸಿಐ-4 ಡಬ್ಬ ಅಗ್ಗಕ್ಕೆ ಸಿಕ್ತು ಅಂತ ಸುರೀಬೇಡಿ. ಮಸಿ ಸುಡುತ್ತೆ, ಆಯಿಲ್ಲಿನ ಬೂದಿ ಸುಡಲ್ಲ, ಅದು ಒಳಗೇ ಉಳ್ಕೊಳ್ಳುತ್ತೆ.

ಶುಂಠಿ_ಗಾಡಿ
ಅಪ್‌ಡೇಟ್. ಸ್ಕ್ಯಾನರ್ ಹಾಕ್ಸಿದೆ. ಪಿ0299 ಅಂತ ಬಂತು, ಟರ್ಬೋ ಬೂಸ್ಟ್, ಅಂದ್ರೆ ಟರ್ಬೋ ಇಂಜಿನ್ನಿಗೆ ತಳ್ಳೋ ಗಾಳಿ ಒತ್ತಡ, ಕಮ್ಮಿ ಅಂತೆ. ಇದನ್ನ ತೋರ್ಸಿದ್ದೇ ತಡ, ಟರ್ಬೋ ಅಂದಿದ್ದ ಮೆಕ್ಯಾನಿಕ್ "ನಾನ್ ಹೇಳ್ಲಿಲ್ವಾ ಸಾರ್" ಅಂತ ಕುಣಿದಾಡ್ಬಿಟ್ಟ.

ಹುಬ್ಬಳ್ಳಿಯವ್ರು ಹೇಳಿದ ಹಾಗೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹಾಕ್ದೆ. ಏರ್ ಫಿಲ್ಟರ್ ಒಳಗೆ ಇಲಿ ಗೂಡು ಕಟ್ಟಿತ್ತು, ಭತ್ತದ ಹೊಟ್ಟು, ಹರಿದ ಬಟ್ಟೆ ಚೂರು. ಇಂಟರ್‌ಕೂಲರ್ ಹೋಸ್ ಕೆಳಭಾಗದಲ್ಲಿ ಕೈ ಆಡಿಸಿದ್ರೆ ಎಣ್ಣೆ ಪಸೆ, ಕ್ಲಾಂಪ್ ಸಡಿಲ, ರಬ್ಬರ್ ಸೀಳಿತ್ತು. ಅದೂ ಬದ್ಲಾಯ್ಸಿದೆ. ಈಗ ಹೊಗೆ ಸುಮಾರು ಕಮ್ಮಿ ಆಗಿದೆ, ಎಳೆತ ಒಂಚೂರು ಬಂದಿದೆ, ಆದ್ರೆ 3000ದ ಮೇಲೆ ಈಗ್ಲೂ ಹೋಗ್ತಿಲ್ಲ. ಟರ್ಬೋಗೆ ದುಡ್ಡು ಹಾಕ್ಲಾ?

ಡೀಸೆಲ್_ಮಾವ
ಬೇಡ! ಪಿ0299 ಬಂದ ಕೂಡ್ಲೇ ಟರ್ಬೋ ಬದ್ಲಾಯ್ಸೋದು ನಮ್ ಕಡೆ ಒಂದು ಚಟ ಆಗ್ಬಿಟ್ಟಿದೆ. ಬೂಸ್ಟ್ ಕಮ್ಮಿ ಅಂತ ಕೋಡ್ ಹೇಳುತ್ತೆ, ಯಾಕೆ ಕಮ್ಮಿ ಅಂತ ಹೇಳಲ್ಲ.

ಟರ್ಬೋ ಚಕ್ರ ತಿರುಗೋದು ಯಾವ್ದರ ಮೇಲೆ? ಮುಂದೆ ಮ್ಯಾನಿಫೋಲ್ಡಲ್ಲಿ ಇರೋ ಒತ್ತಡಕ್ಕೂ ಹಿಂದೆ ಸೈಲೆನ್ಸರ್ ಪೈಪಲ್ಲಿ ಇರೋ ಒತ್ತಡಕ್ಕೂ ಇರೋ ವ್ಯತ್ಯಾಸದ ಮೇಲೆ. ಹಿಂದೆ ದಾರಿ ಕಟ್ಟಿದ್ರೆ ಹಿಂದಿನ ಒತ್ತಡ ಏರುತ್ತೆ, ವ್ಯತ್ಯಾಸ ಕಮ್ಮಿ ಆಗುತ್ತೆ, ಚಕ್ರ ಸ್ಪೀಡ್ ತಗೊಳಲ್ಲ, ಬೂಸ್ಟ್ ಬರಲ್ಲ. ಸ್ಕ್ಯಾನರ್ ಬೂಸ್ಟ್ ಕಮ್ಮಿ ಅನ್ನುತ್ತೆ, ಮೆಕ್ಯಾನಿಕ್ ಟರ್ಬೋ ಹೋಯ್ತು ಅಂತಾನೆ, ಹೊಸ ಟರ್ಬೋ ಹಾಕಿದ್ಮೇಲೂ ಗಾಡಿ ಹಾಗೇ ಇರುತ್ತೆ. ಟರ್ಬೋ ಚೆನ್ನಾಗಿದ್ಯಾ ನೋಡೋಕೆ ಏರ್ ಪೈಪ್ ಬಿಚ್ಚಿ, ಇಂಜಿನ್ ಆಫ್ ಇದ್ದು ತಣ್ಣಗಾದ್ಮೇಲೆ, ಬೆರಳಲ್ಲಿ ಶಾಫ್ಟ್ ಅಲ್ಲಾಡಿಸಿ. ಸಲೀಸಾಗಿ ತಿರುಗಬೇಕು, ರೆಕ್ಕೆ ಗೋಡೆಗೆ ತಾಗಬಾರದು, ರೆಕ್ಕೆ ತುದಿ ಮುಕ್ಕಾಗಿರಬಾರದು. ಬೂಸ್ಟ್ ಹೆಚ್ಚುಕಮ್ಮಿ ಮಾಡೋ ಆಕ್ಚುಯೇಟರ್ ರಾಡ್ ಆಡ್ತಿದ್ಯಾ, ಅದಕ್ಕೆ ಹೋಗೋ ಸಣ್ಣ ವ್ಯಾಕ್ಯೂಮ್ ಪೈಪ್ ಸೀಳಿದ್ಯಾ ಅದೂ ನೋಡಿ.

ಇದೆಲ್ಲ ಸರಿ ಇದ್ರೆ ಬ್ಯಾಕ್ ಪ್ರೆಷರ್, ಅಂದ್ರೆ ಆ ಹಿಂದಿನ ಒತ್ತಡ, ಅಳೀರಿ. ಆಗ ಮಾತಾಡೋಣ.

ಗೇರ್_ಗೌಡ_ಹಾಸನ
ಬ್ಯಾಕ್ ಪ್ರೆಷರ್ ಅಳೆಯೋಕೆ ಬಿಎಸ್4 ಗಾಡೀಲಿ ಆಕ್ಸಿಜನ್ ಸೆನ್ಸರ್ ತೂತು ಎಲ್ಲಿರುತ್ತೆ ಮಾವ? ಸುಲಭ ಅಂದ್ರೆ ಇಜಿಆರ್ ಪೈಪ್ ಬಿಚ್ಚಿ ಅಲ್ಲಿ ಒಂದು ಪ್ಲೇಟ್ ಹಾಕಿ ನಿಪ್ಪಲ್ ಕೂರ್ಸಿ ಗೇಜ್ ಹಾಕೋದು. ನಾನು ಹಂಗೇ ಮಾಡಿದ್ದೆ.

ಡೀಸೆಲ್_ಮಾವ
ಗೌಡ್ರೆ ಅದು ತಪ್ಪು ಜಾಗ. ಇಜಿಆರ್ ಹೊಗೆ ತಗೊಳ್ಳೋದು ಟರ್ಬೋಗಿಂತ ಮುಂಚೆ. ಅಲ್ಲಿ ಒತ್ತಡ ಟರ್ಬೋ ತಿರುಗ್ಸೋಕೆ ಅಂತಾನೇ ಜಾಸ್ತಿ ಇರುತ್ತೆ, ಒಳ್ಳೇ ಗಾಡೀಲೂ ಗೇಜ್ ಏರುತ್ತೆ. ಅದನ್ನ ನೋಡಿ ಕ್ಯಾಟ್ ಜಾಮ್ ಅಂದ್ರೆ ನ್ಯಾಯ ಅಲ್ಲ. ಟರ್ಬೋ ಆದ್ಮೇಲೆ, ಕ್ಯಾಟ್‌ಗಿಂತ ಮುಂಚೆ ಅಳೀಬೇಕು. ಅಲ್ಲಿ ತೂತಿಲ್ದಿದ್ರೆ ಲೇತ್ ಅಂಗಡೀಲಿ 18 ಎಂಎಂ ನಟ್ ಒಂದನ್ನ ಪೈಪ್‌ಗೆ ವೆಲ್ಡ್ ಮಾಡ್ಸಿ, ಆಕ್ಸಿಜನ್ ಸೆನ್ಸರ್ ಕೂರೋ ಥ್ರೆಡ್ ಅದೇ, ಕೆಲಸ ಆದ್ಮೇಲೆ ಬೋಲ್ಟ್ ಹಾಕಿ ಮುಚ್ಚಬಹುದು, ಮುಂದೆ ಬೇಕಾದಾಗ ಮತ್ತೆ ಬರುತ್ತೆ. ವೆಲ್ಡಿಂಗ್ ಮಾಡೋವಾಗ ಬ್ಯಾಟರಿ ವೈರ್ ಬಿಚ್ಚಿಡಿ, ಇಲ್ಲಾಂದ್ರೆ ಇಂಜಿನ್ ಕಂಪ್ಯೂಟರ್ ಇಸಿಯು ಹೋದ್ರೆ ಅಳೋಕೂ ಕಣ್ಣೀರು ಸಾಲಲ್ಲ.

ಗೇಜ್ 15 ಪಿಎಸ್‌ಐ ಒಳಗಿನದು ಸಾಕು. ನಡುವೆ ಎರಡಡಿ ತಾಮ್ರದ ಪೈಪ್ ಇರ್ಲಿ, ರಬ್ಬರ್ ಪೈಪ್ ನೇರ ಹಾಕಿದ್ರೆ ಬಿಸಿಗೆ ಕರಗುತ್ತೆ. ಐಡಲ್‌ನಲ್ಲಿ ಮುಳ್ಳು ಹೆಚ್ಚುಕಮ್ಮಿ ಸೊನ್ನೆ ಹತ್ರ, ಲೋಡ್ ಇಲ್ದೆ 2500ಕ್ಕೆ ಒಂದೆರಡು ಪಿಎಸ್‌ಐ ತೋರಿಸಿದ್ರೆ ತಲೆ ಕೆಡಿಸ್ಕೊಬೇಡಿ. ಮೂರು ದಾಟಿದ್ರೆ ಅನುಮಾನ. ಅದಕ್ಕೂ ಮೇಲೆ ಹೋದ್ರೆ ಅನುಮಾನ ಏನಿಲ್ಲ.

ಗೇರ್_ಗೌಡ_ಹಾಸನ
ಹಂಗಾದ್ರೆ ಬಿಸಿ ಅಳೆಯೋ ಗನ್ ಹಿಡಿದ್ರೆ ಆಗಲ್ವಾ? ಕ್ಯಾಟ್ ಮುಂದೆ ಒಂದು ಹಿಂದೆ ಒಂದು. ಮುಂದೆ ಜಾಸ್ತಿ ಹಿಂದೆ ಕಮ್ಮಿ ಬಂದ್ರೆ ಜಾಮ್.

ಕುಡ್ಲ_ಕ್ಲಚ್
ಗನ್ ಅಂದಾಜಿಗೆ ಅಷ್ಟೇ. ಹೊರಗೆ ತಗಡಿನ ಕವಚ ಇರ್ತದೆ, ಅದರ ಬಿಸಿ ತೋರಿಸ್ತದೆ. ಪೈಪ್ ಹೊಳೆಯುವ ಹೊಸದಾದ್ರೆ ಒಂದು ಲೆಕ್ಕ, ತುಕ್ಕು ಹಿಡಿದಿದ್ರೆ ಇನ್ನೊಂದು. ಡೀಸೆಲ್ ನಿಂತಲ್ಲಿ ಬಿಸಿಯೇ ಆಗುವುದಿಲ್ಲ. ಗೇಜ್ ಹಾಕಿ, ಮುಗಿತು.

ಮಂಡ್ಯ_ಮಿಲ್ಟ್ರಿ
ಇದೆಲ್ಲಾ ಇರ್ಲಿ, ಚಾರ್ಮಾಡಿ ಹತ್ತಿ ಬಂದವ್ರು ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದ್ರೋ ಇಲ್ವೋ?

ಶುಂಠಿ_ಗಾಡಿ
ತಿಂದೆ ಸ್ವಾಮಿ. ಗಾಡಿಗೂ ಸ್ವಲ್ಪ ರೆಸ್ಟ್ ಬೇಕಿತ್ತಲ್ಲ.

ಶಿರಾಡಿ_ಶೆಟ್ರು
ಮಳೆಗಾಲದಲ್ಲಿ ಚಾರ್ಮಾಡಿಗೆ ಲೋಡ್ ಗಾಡಿ ಯಾಕೆ ತರ್ತೀರಿ, ಮೊದಲೇ ಗುಡ್ಡ ಜಾರ್ತದೆ. ಶಿರಾಡಿ ಮೇಲೆ ಬನ್ನಿ.

ಶುಂಠಿ_ಗಾಡಿ
ಶೆಟ್ರೆ ಮೂಡಿಗೆರೆಯಿಂದ ಸಕ್ಲೇಶಪುರ ಸುತ್ತಿ ಶಿರಾಡಿಗೆ ಬಂದ್ರೆ ಡೀಸೆಲ್ ನೀವು ಹಾಕ್ಸ್ತೀರಾ? ಮತ್ತೆ ಶಿರಾಡೀಲಿ ಗುಡ್ಡ ಜಾರಲ್ವಾ?

ಶಿರಾಡಿ_ಶೆಟ್ರು
ಅಲ್ಲೂ ಜಾರ್ತದೆ 😄

ಶುಂಠಿ_ಗಾಡಿ
ದೊಡ್ಡ ಅಪ್‌ಡೇಟ್, ಉದ್ದ ಇದೆ, ಟೀ ಇಟ್ಕೊಂಡು ಓದಿ.

ಟರ್ಬೋ ಶಾಫ್ಟ್ ನೋಡ್ಸಿದೆ, ಸಲೀಸಾಗಿದೆ, ರೆಕ್ಕೆ ಚೆನ್ನಾಗಿದೆ, ಆಕ್ಚುಯೇಟರ್ ಆಡ್ತಿದೆ. ಆಮೇಲೆ ಮಾವ ಹೇಳಿದ ಹಾಗೆ ನಟ್ ವೆಲ್ಡ್ ಮಾಡ್ಸಿ ಗೇಜ್ ಹಾಕ್ಸಿದೆ. ಐಡಲ್‌ನಲ್ಲೇ ಮುಳ್ಳು ಒಂದರ ಮೇಲೆ ಅಲ್ಲಾಡ್ತಿತ್ತು, 2500ಕ್ಕೆ ಹಿಡಿದ್ರೆ 7! ರೇಸ್ ಹಿಡ್ಕೊಂಡಷ್ಟೂ ಏರ್ತಾನೇ ಇತ್ತು. ಕಟ್ ಮಾಡ್ತೀನಿ ಅಂದಿದ್ದ ಮೆಕ್ಯಾನಿಕ್ ಅಲ್ಲೇ ಇದ್ದ, "ನೋಡಿ ಸಾರ್ ಕ್ಯಾಟು" ಅಂತ ಗ್ರೈಂಡರ್ ಕೈಗೆ ತಗೊಂಡೇಬಿಟ್ಟ. ನಾನು ತಡಿ ಅಂದೆ.

ಕ್ಯಾಟ್ ಹಿಂದಿನ ಜಾಯಿಂಟ್ ಇದ್ಯಲ್ಲ, ಸೈಲೆನ್ಸರ್ ಡಬ್ಬಕ್ಕೆ ಸೇರೋದು, ಆ ಮೂರು ಬೋಲ್ಟ್ ಮೊದ್ಲು ಬಿಚ್ಚೋಣ ಅಂತ ಹೇಳ್ದೆ. ತುಕ್ಕು ಹಿಡಿದು ಎರಡು ಮುರಿದೇಹೋಯ್ತು. ಸೈಲೆನ್ಸರ್ ಕೆಳಗಿಳಿಸಿ, ಕ್ಯಾಟ್ ಹಾಗೇ ಇಟ್ಟು ಸ್ಟಾರ್ಟ್ ಮಾಡಿದ್ರೆ ಊರೆಲ್ಲ ಕೇಳೋ ಸೌಂಡು, ಗೇಜ್ ಮುಳ್ಳು ಎದ್ದೇಳ್ಲೇ ಇಲ್ಲ. 4000ದವರೆಗೆ ಝುಯ್ ಅಂತ ಹೋಯ್ತು.

ಅಂದ್ರೆ ಕಟ್ಟಿರೋದು ಕ್ಯಾಟ್ ಅಲ್ಲ, ಸೈಲೆನ್ಸರ್!

ಆಮೇಲೆ ತಣ್ಣಗಾದ್ಮೇಲೆ ಕ್ಯಾಟ್ ಒಳಗೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದ್ವಿ. ಜೇನುಗೂಡು ಅರ್ಧಾನೇ ಇಲ್ಲ. ಒಂದು ಪಕ್ಕ ಇದೆ, ಇನ್ನೊಂದು ಪಕ್ಕ ಖಾಲಿ ತಗಡು, ಅಂಚಲ್ಲಿ ಬಿಳಿ ನಾರಿನ ಮ್ಯಾಟ್ ಹರಿದು ನೇತಾಡ್ತಿತ್ತು. ಆ ಅರ್ಧ ಎಲ್ಲಿ ಹೋಯ್ತು ಅಂತ ಸೈಲೆನ್ಸರ್ ಡಬ್ಬ ಅಲ್ಲಾಡಿಸಿದ್ರೆ ಗಲಗಲ. ಕೊಯ್ದು ತೆಗೆದ್ವಿ. ಒಳಗಡೆ ತೂತಿನ ತಗಡಿಗೆ ಅಡ್ಡಲಾಗಿ ಸೆರಾಮಿಕ್ ಚೂರುಗಳು ಒತ್ತಿ ಕೂತಿದ್ವು, ಸಣ್ಣ ಚೌಕ ತೂತುಗಳು ಹಾಗೇ ಕಾಣ್ತಿದ್ವು, ಮೇಲೆ ಬೆರಳು ದಪ್ಪ ಮಸಿ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಅಂತಿತ್ತು, ಹಿಂದಿನ ಡಾಲಾ ಬಾಗಿಲು ಅಂದ್ಕೊಂಡಿದ್ದೆ.

ಹುಬ್ಬಳ್ಳಿ_ಚಕ್ಕಡಿ
ಅಬ್ಬಬ್ಬಾ! ಮೂಗಿಗೆ ಅರಿವಿ ಕಟ್ಕೊಂಡು ಗುಡ್ಡ ಹತ್ತಿದಂಗ ಆಗೇತ್ರಿ ಪಾಪ ಗಾಡಿದು

ಮಂಡ್ಯ_ಮಿಲ್ಟ್ರಿ
7 ಪಿಎಸ್‌ಐ! ನಮ್ ತಾಲೂಕಿನ ಸ್ಟೇಷನ್ನಲ್ಲೂ ಅಷ್ಟು ಜನ ಇಲ್ಲ

ರಾಜಾಜಿನಗರ_ರೇಸರ್
ಅಂದ್ರೆ ಕ್ಯಾಟ್ ಕಟ್ ಮಾಡ್ಸಿ ಪೈಪ್ ಹಾಕಿದ್ರೂ ಗಾಡಿ ಹಾಗೇ ಇರ್ತಿತ್ತು??

ಕುಡ್ಲ_ಕ್ಲಚ್
ಮತ್ತೆ? ಬ್ಲಾಕ್ ಹಿಂದೆ ಇದ್ದದ್ದು. ಕಟ್ ಮಾಡಿ 4000 ಹೋಗ್ತಿತ್ತು, ಆಮೇಲೆ "ಟರ್ಬೋನೇ ಸಾರ್" ಅಂತ 38,000 ಹೋಗ್ತಿತ್ತು, ಆಮೇಲೆ ಪಂಪ್ ಅಂತ ಇನ್ನೊಂದಿಷ್ಟು. ಹಿಂದಿನ ಜಾಯಿಂಟ್ ಮೊದಲು ಬಿಚ್ಚಿದ್ದು ಒಳ್ಳೆ ಬುದ್ಧಿ. ಹಿಂದಿನಿಂದ ಒಂದೊಂದೇ ಬಿಚ್ಚುತ್ತಾ ಬಂದ್ರೆ ಎಲ್ಲಿ ಬಿಚ್ಚಿದಾಗ ಮುಳ್ಳು ಇಳೀತದೋ ಅದರ ಹಿಂದೆಯೇ ಕಳ್ಳ.

ಡೀಸೆಲ್_ಮಾವ
ಭೇಷ್. ಆದ್ರೆ ಜಾಯಿಂಟ್ ಬಿಚ್ಚಿ ರೋಡ್ ಟೆಸ್ಟ್ ಅಂತ ದೂರ ಓಡಿಸ್ಬೇಡಿ ಯಾರೂ. ಬಿಸಿ ಹೊಗೆ ನೇರ ವೈರಿಂಗ್‌ಗೆ, ಬ್ರೇಕ್ ಪೈಪ್‌ಗೆ ಹೊಡೆಯುತ್ತೆ, ಕ್ಯಾಬಿನ್ ಒಳಗೂ ಬರುತ್ತೆ. ನಿಂತಲ್ಲೇ ರೇಸ್ ಕೊಟ್ಟು ನೋಡಿದ್ರೆ ಸಾಕು.

ಈಗ ಮುಂದಿನ ಕೆಲಸ. ಸೆರಾಮಿಕ್ ಸುಮ್ನೆ ಒಡೆಯಲ್ಲ. ಹಂಪ್‌ಗೆ ಇಲ್ಲ ಕಲ್ಲಿಗೆ ತಗಲಿರಬಹುದು, ಹೊರಗಿನ ತಗಡು ಎಲ್ಲಾದ್ರೂ ನೆಗ್ಗಿದ್ಯಾ ನೋಡಿ. ಕೆಂಪಗೆ ಕಾದಿದ್ದಾಗ ನೀರಿಗೆ ಇಳಿಸಿದ್ರೂ ಬಿರುಕು ಬಿಡುತ್ತೆ. ಇಲ್ಲಾಂದ್ರೆ ಇಂಜೆಕ್ಟರ್ ಸೋರಿ ಡೀಸೆಲ್ ಅಲ್ಲಿ ಹೋಗಿ ಉರಿದು ವಿಪರೀತ ಕಾದು ಒಡೆದಿದೆ. ತಗಡು ನೆಗ್ಗಿಲ್ಲ ಅಂದ್ರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡ್ಸಿ. ನಾಲ್ಕಕ್ಕೂ ಸಣ್ಣ ಪೈಪ್ ಹಾಕಿ ಬಾಟ್ಲಿಗೆ ಬಿಟ್ಟು, ಯಾವ್ದು ಬೇರೆಯವಕ್ಕಿಂತ ಬೇಗ ತುಂಬುತ್ತೆ ನೋಡೋದು. ಇದು ನೋಡದೆ ಹೊಸ ಕ್ಯಾಟ್ ಹಾಕಿದ್ರೆ ಅದಕ್ಕೂ ಅದೇ ಗತಿ.

ಶುಂಠಿ_ಗಾಡಿ
ತಗಡು ಒಂದು ಕಡೆ ಚೆನ್ನಾಗೇ ನೆಗ್ಗಿದೆ ಮಾವ, ಜಾಕ್ ಕೊಟ್ಟ ಗುರುತಿನ ಹಾಗಿದೆ. ಯಾರೋ ಟೈರ್ ಬಿಚ್ಚೋಕೆ ಕ್ಯಾಟ್ ಕೆಳಗೇ ಜಾಕ್ ಇಟ್ಟಿರ್ಬೇಕು. ಇಂಜೆಕ್ಟರ್ ಟೆಸ್ಟೂ ಮಾಡ್ಸಿದೆ, ನಾಲ್ಕೂ ಹೆಚ್ಚುಕಮ್ಮಿ ಒಂದೇ ಮಟ್ಟ.

ಸೈಲೆನ್ಸರ್ ಹೊಸದು ಹಾಕಿದ್ದಾಯ್ತು. ಗೇಜ್ ಈಗ 2500ಕ್ಕೆ ಒಂದರ ಒಳಗೆ. ಅರ್ಧ ಉಳಿದಿದ್ಯಲ್ಲ ಕ್ಯಾಟ್, ಅದನ್ನ ಹಾಗೇ ಬಿಟ್ರೆ ಇನ್ನೂ ಚೂರು ಬಂದು ಹೊಸ ಸೈಲೆನ್ಸರ್ ಕಟ್ಟುತ್ತಾ?

ಡೀಸೆಲ್_ಮಾವ
ಖಂಡಿತ ಕಟ್ಟುತ್ತೆ. ಮ್ಯಾಟ್ ಹರಿದ್ಮೇಲೆ ಉಳಿದಿದ್ದು ಕುಣೀತಾ ಕುಣೀತಾ ಪುಡಿ ಆಗುತ್ತೆ. ಬೇಗ ಬದ್ಲಾಯ್ಸಿ.

ರಾಜಾಜಿನಗರ_ರೇಸರ್
ಬೆಂಗ್ಳೂರು ಜೆಸಿ ರೋಡಲ್ಲಿ ಒಂದ್ಸಲ ವಿಚಾರಿಸಿ, ಕಂಪನಿ ರೇಟಿಗಿಂತ ಕಮ್ಮಿಗೆ ಸಿಗಬಹುದು. ಆದ್ರೆ ಒಳಗೆ ಜೇನುಗೂಡು ಇದ್ಯಾ ಅಂತ ಟಾರ್ಚ್ ಬಿಟ್ಟು ನೋಡ್ಕೊಂಡೇ ದುಡ್ಡು ಕೊಡಿ, ಖಾಲಿ ಡಬ್ಬ ವೆಲ್ಡ್ ಮಾಡಿ ಮಾರೋರಿದಾರೆ.

ಮಂಡ್ಯ_ಮಿಲ್ಟ್ರಿ
ಕಟ್ ಮಾಡ್ಸಿ ಬಿಸಾಕು ಅಂತಿದ್ದ ಮನುಷ್ಯ ಈಗ ಟಾರ್ಚ್ ಹಿಡಿ ಅಂತಾವ್ನೆ ನೋಡ್ರಪ್ಪ

ವಕೀಲ್_ಸಾಬ್_ಧಾರವಾಡ
ಬಿಲ್ ತಗೊಳ್ರಿ, ಅದರಾಗ ಬಿಎಸ್4 ಪಾರ್ಟ್ ನಂಬರ್ ಇರ್ಲಿ. ಮುಂದ ಗಾಡಿ ಮಾರುವಾಗ ನೀವೂ ತೋರಸಬೇಕಾಗ್ತದ. ಮತ್ತ ಆ ಚೆಕ್ ಲೈಟಿನ ಬಲ್ಬೂ ಹಾಕಸ್ರಿ.

ಶುಂಠಿ_ಗಾಡಿ
ಮೀಟರ್ ಬಿಚ್ಚಿ ನೋಡಿದ್ವಿ ವಕೀಲ್ರೆ. ಬಲ್ಬ್ ಕಿತ್ತಿರ್ಲಿಲ್ಲ, ಅದರ ಮೇಲೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿದ್ರು. ಟೇಪ್ ಕಿತ್ತೆ, ಕೀ ಆನ್ ಮಾಡಿದ್ರೆ ಈಗ ಬರುತ್ತೆ, ಸ್ಟಾರ್ಟ್ ಆದ್ಮೇಲೆ ಆರುತ್ತೆ.

ಶಿರಾಡಿ_ಶೆಟ್ರು
ಶುಂಠಿ ಈಗ ಮೂಟೆಗೆ ಎಷ್ಟು ನಡೀತಾ ಉಂಟು ಮೂಡಿಗೆರೆ ಕಡೆ?